ಯಾರ ಲೋಪ

ಮಗಳ ಮನೆಯ ಜಗಲಿಯ ಮೇಲೆ ಕೂತ ಕೆಂಪಲಕ್ಷ್ಮಮ್ಮ ಮುಂದಿಟ್ಟ ನೀರಿನ ಚೊಂಬನ್ನು ಬೆರಳಲ್ಲಿ ಆಚೆಗೆ ತಳ್ಳಿದಳು.

"ಮೊದ್ಲು ಮಾತು. ಆಮೇಲೆ ನೀರು."

ಚಲುವಮ್ಮ ಅಂಗಳದಲ್ಲಿ ಕೊಬ್ಬರಿಯನ್ನು ಚಿಪ್ಪಿನಿಂದ ಬಿಡಿಸುತ್ತಿದ್ದಳು. ಗೌರಿಹಬ್ಬ ಮುಗಿದು ಇನ್ನೂ ವಾರವಾಗಿಲ್ಲ, ತಾಯಿ ಹಳೇಬೀಡಿನಿಂದ ಮೊದಲ ಬಸ್ಸಿಗೇ ಹೊರಟು ಜಾವಗಲ್ಲಿಗೆ ಬಂದಿದ್ದಾಳೆಂದರೆ ಸುದ್ದಿ ಒಳ್ಳೆಯದಿರಲಾರದು. ಕೈ ನಿಲ್ಲಿಸದೆ ಕೇಳಿದಳು.

"ಭವ್ಯ ಹೆಂಗವಳೆ?"

"ಅವಳ ಮಾತೇ ಆಡಕ್ಕೆ ಬಂದಿರೋದು. ಎಲ್ಲಿ ನಿನ್ ಗಂಡ? ಕರಿ."

ಭವ್ಯಾ ಚಲುವಮ್ಮನ ದೊಡ್ಡ ಮಗಳು. ಕೆಂಪಲಕ್ಷ್ಮಮ್ಮನಿಗೆ ಮೊಮ್ಮಗಳು, ಸೊಸೆಯೂ ಹೌದು. ಮೂರು ವರ್ಷದ ಹಿಂದೆ, ಎರಡು ಸಾವಿರದನೇ ಇಸವಿಯ ಬೇಸಿಗೆಯಲ್ಲಿ, ಚಲುವಮ್ಮ ಮಗಳನ್ನು ತನ್ನ ಒಡಹುಟ್ಟಿದ ತಮ್ಮ ಗುರುಮೂರ್ತಿಗೇ ಕೊಟ್ಟಿದ್ದಳು. "ಸೋದರಮಾವ ಮನೇಲಿರೋವಾಗ ಹುಡುಗೀನ ಹೊರಗಿನೋರ ಬಾಗ್ಲಿಗೆ ಯಾಕೆ ಕಳಿಸ್ತಿ" ಎಂದು ಆಗ ಹಟ ಹಿಡಿದು ಕೂತವಳೂ ಇದೇ ಕೆಂಪಲಕ್ಷ್ಮಮ್ಮ. ಮದುವೆಯಾಗಿ ಎರಡನೇ ವರ್ಷ ಭವ್ಯಾಳ ಕೈಬೆರಳ ಗೆಣ್ಣುಗಳು ಊದಿಕೊಂಡವು. ಆಮೇಲೆ ಕೆನ್ನೆ ಎರಡೂ ಮೂಗಿನ ಮೇಲೆ ಹಾದು ಕೆಂಪಾದವು, ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು. ಐದು ತಿಂಗಳ ಬಸಿರು ಹೋಯಿತು. ಅರಸೀಕೆರೆಯಲ್ಲಿ ಒಬ್ಬರು ಅಲರ್ಜಿ ಎಂದು ಮುಲಾಮು ಕೊಟ್ಟರು, ಇನ್ನೊಬ್ಬರು ಸಂಧಿವಾತ ಎಂದು ಗುಳಿಗೆ ಕೊಟ್ಟರು. ಕಡೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಲೂಪಸ್ ಎಂದು ಹೆಸರು ಹೇಳಿದರು.

ಹೊನ್ನಯ್ಯ ತೋಟದಿಂದ ಬಂದು, ಟವೆಲ್ಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ ಅತ್ತೆಯ ಎದುರು ಕೂತ.

"ಏನತ್ತೆ, ನೀರೂ ಮುಟ್ಟಿಲ್ವಂತೆ?"

"ಹೊನ್ನಯ್ಯ, ನೇರ ಕೇಳ್ತೀನಿ. ಲಾವಣ್ಯನ್ನ ನಮ್ ಗುರುಗೆ ಕೊಡು."

ಚಲುವಮ್ಮನ ಕೈಯಲ್ಲಿದ್ದ ಚಿಪ್ಪು ಕೆಳಗೆ ಬಿತ್ತು.

"ಯಾವ ಗುರುಗೆ?"

"ನನಗೆ ಎಷ್ಟು ಜನ ಗುರುಗಳವ್ರೆ? ಇರೋನು ಒಬ್ಬನೇ. ಅವನಿಗೆ ಒಂದು ಕೂಸು ಬೇಡ್ವಾ? ಭವ್ಯನ್ನ ಬಿಟ್ಟುಬಿಡಿ ಅಂತ ನಾನು ಅಂತಿಲ್ಲ. ಅವಳ ಪಾಡಿಗೆ ಇರ್ಲಿ. ಹೊರಗಿನೋಳನ್ನ ತಂದ್ರೆ ಇವಳನ್ನ ನೋಡ್ತಾಳಾ? ತಂಗಿ ಆದ್ರೆ ಅಕ್ಕನ್ನ ನೋಡ್ಕೋತಾಳೆ."

"ಅವ್ವ, ಲಾವಣ್ಯ ಎರಡನೇ ಪಿಯುಸಿ ಓದ್ತಾವಳೆ. ಇನ್ನೂ ಹದಿನೆಂಟು ತುಂಬಿಲ್ಲ."

"ದೀಪಾವಳಿಗೆ ತುಂಬುತ್ತೆ. ಅವಳು ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ನಾನೇ, ನನಗೆ ಹೇಳ್ಕೊಡ್ಬೇಡ."

"ಭವ್ಯನ ಗತಿ ಕಣ್ಣಾರೆ ಕಂಡೂ ಇನ್ನೊಂದು ಮಗಳನ್ನ ಕೇಳ್ತೀಯಲ್ಲ!"

ಕೆಂಪಲಕ್ಷ್ಮಮ್ಮ ದನಿ ಏರಿಸಿದಳು. "ಭವ್ಯನ ಗತಿ ನಾನು ಮಾಡಿದ್ನಾ? ಡಾಕ್ಟ್ರೇ ಬಾಯಿಬಿಟ್ಟು ಹೇಳವ್ರೆ, ಲೋಪ ಅಂತ. ಲೋಪ ಅಂದ್ಮೇಲೆ ಯಾರದೋ ಇರಲೇಬೇಕಲ್ಲ? ನಮ್ ವಂಶದಲ್ಲಿ ಇಂಥದ್ದು ಕಂಡಿಲ್ಲ, ಕೇಳಿಲ್ಲ. ಇದು ಜಾವಗಲ್ ಕಡೇದು. ಹೊನ್ನಯ್ಯ, ಬೇಜಾರು ಮಾಡ್ಕೋಬೇಡ, ನಿಮ್ಮವ್ವನೂ ಮಂಡಿ ಹಿಡ್ಕೊಂಡೇ ಓಡಾಡ್ತಿತ್ತು."

"ಎಂಬತ್ತು ವರ್ಷಕ್ಕೆ ಎಲ್ಲರೂ ಮಂಡಿ ಹಿಡ್ಕೋತಾರತ್ತೆ," ಅಂದ ಹೊನ್ನಯ್ಯ.

ಚಲುವಮ್ಮ ಎದ್ದು ನಿಂತಳು. "ಜಾವಗಲ್ ಕಡೇದಾದ್ರೆ ಲಾವಣ್ಯ ಯಾವ ಊರೋಳು? ಅವಳೂ ಇದೇ ಮನೇಲಿ ಹುಟ್ಟಿದೋಳಲ್ವಾ?"

"ಲಾವಣ್ಯ ನನ್ ಥರ. ಗಟ್ಟಿ ಮೂಳೆ."

"ಚೆನ್ನಾಗಿರೋ ಮೂಳೆ ನಿಂದು, ಕೆಟ್ಟ ರಕ್ತ ಇವರ್ದು! ಒಳ್ಳೆ ಲೆಕ್ಕ ಇಟ್ಟಿದ್ದಿ ಅವ್ವ."

ಹೊನ್ನಯ್ಯ ಕೆಮ್ಮಿದ. ಹೆಂಡತಿಯ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಆಮೇಲೆ, "ಯೋಚನೆ ಮಾಡಾನ ಅತ್ತೆ. ದೀಪಾವಳಿಗೆ ಬತ್ತೀವಿ, ಆಗ ಮಾತಾಡಾನ" ಎಂದ.

ಕೆಂಪಲಕ್ಷ್ಮಮ್ಮ ಆಗ ಚೊಂಬೆತ್ತಿ ಗಟಗಟ ಕುಡಿದಳು.

ಆ ಸಂಜೆ ಮುದ್ದೆ ತಿರುವುವಾಗ ಚಲುವಮ್ಮ ಕೋಲನ್ನು ಪಾತ್ರೆಗೆ ಕುಟ್ಟಿದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

"ಯೋಚನೆ ಮಾಡಾನ ಅಂದ್ರೇನು? ಯಾವುದನ್ನ ಯೋಚನೆ ಮಾಡ್ತಿ?"

"ಏಯ್, ಮನೆಗೆ ಬಂದ ಹಿರಿಯೋರ ಮುಖಕ್ಕೆ ಹೊಡ್ದಂಗೆ ಹೇಳಕ್ಕಾಗುತ್ತಾ?" ಹೊನ್ನಯ್ಯ ಮುದ್ದೆ ಮುರಿಯುತ್ತಾ ಅಂದ. "ಆದ್ರೂ ಅತ್ತೆ ಮಾತಲ್ಲಿ ಒಂದು ಐತೆ ಕಣೇ. ಗುರು ಬೇರೆ ಯಾರನ್ನಾರ ಕಟ್ಕೊಂಡ್ರೆ ಭವ್ಯ ನಾಳೆ ಬೆಳಗ್ಗೆ ನಮ್ ಬಾಗ್ಲಲ್ಲಿ ಇರ್ತಾಳೆ."

"ಇರ್ಲಿ. ನನ್ನ ಬಾಗ್ಲು ಸವೆದುಹೋಗುತ್ತಾ?"

ಲಾವಣ್ಯ ಒಳಗಿನಿಂದ ಪುಸ್ತಕ ಹಿಡಿದೇ ಬಂದಳು. "ಅಪ್ಪಾ, ಹೆಂಡ್ತಿ ಬದುಕಿರೋವಾಗ ಇನ್ನೊಂದು ಮದ್ವೆ ಆದ್ರೆ ಜೈಲು. ಸಿವಿಕ್ಸಲ್ಲಿ ಐತೆ. ಅಜ್ಜಿಗೆ ನೀವು ಹೇಳದಿದ್ರೆ ನಾನೇ ಸ್ಟೇಷನ್ನಿಗೆ ಹೋಗಿ ಹೇಳ್ತೀನಿ. ಮಾವನ್ನ ಹೆಂಗೆ ಗಂಡ ಅನ್ಲಿ, ಅಕ್ಕ ಪಕ್ಕದ ಕೋಣೇಲಿ ಮಲಗಿರೋವಾಗ?"

"ಓದಿದ್ದು ಜಾಸ್ತಿ ಆಯ್ತು ಇವಳ್ದು," ಎಂದು ಹೊನ್ನಯ್ಯ ಸಾರಿಗೆ ಕೈ ಚಾಚಿದ. ಚಲುವಮ್ಮ ಸಾರಿನ ಪಾತ್ರೆಯನ್ನು ಅವನಿಗೆ ಎಟುಕದಷ್ಟು ದೂರ ಸರಿಸಿಟ್ಟು ಎದ್ದುಹೋದಳು.

ಮುಂದಿನ ವಾರ ಅವಳು ಹಳೇಬೀಡಿಗೆ ಹೋದಳು. ಭವ್ಯಾಳನ್ನು ಬೆಂಗಳೂರಿಗೆ ಕರೆದೊಯ್ಯುವ ತಾರೀಕು ಹತ್ತಿರವಿತ್ತು.

ಬಸ್ಸಿಳಿದು ಕೆರೆಯ ಕಡೆಯ ಬೀದಿಗೆ ತಿರುಗಿದರೆ ನಾಲ್ಕನೆಯದು ತವರು. ಗುರುಮೂರ್ತಿ ಸೊಸೈಟಿಯಲ್ಲಿ ಗುಮಾಸ್ತ, ಹಗಲೆಲ್ಲ ಅಲ್ಲೇ. ಕೆಂಪಲಕ್ಷ್ಮಮ್ಮ ತಾರಸಿಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದಳು. ಮೇಲಿಂದಲೇ ಕೂಗಿದಳು.

"ಬಂದ್ಯಾ? ಒಳಗವ್ಳೆ ನೋಡು ನಿನ್ ಮಗಳು. ಬಿಸಿಲು ಕಂಡ್ರೆ ಆಗದ ಮಹಾರಾಣಿ. ಈ ವಯಸ್ಸಲ್ಲಿ ಮೆಣಸಿನಕಾಯಿ ನಾನು ಹರಡ್ಬೇಕು!"

ಕಿಟಕಿಗೆ ಹಳೆಯ ಸೀರೆ ಕಟ್ಟಿ ಕತ್ತಲು ಮಾಡಿದ ಕೋಣೆಯಲ್ಲಿ ಭವ್ಯಾ ಕೂತಿದ್ದಳು. ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಗುಂಡಗೆ ಊದಿಕೊಂಡಿತ್ತು. ತಾಯಿಯನ್ನು ಕಂಡು ನಕ್ಕಳು.

"ದಪ್ಪ ಆಗಿದೀನಿ ಅಲ್ವಾ ಅವ್ವ? ಬೀದೀಲಿ ಎಲ್ರೂ ಚೆನ್ನಾಗಿ ಉಣ್ಣಿಸ್ತಾವ್ರೆ ಅಂತ ಅಜ್ಜೀನ ಹೊಗಳ್ತಾರೆ."

"ಬಟ್ಟೆ ಯಾರು ಒಗೀತಾರೆ?"

"ನಾನೇ. ಮುಂಚೆ ಕೆರೆಗೆ ಹೋಗ್ತಿದ್ದೆ. ಈಗ ಸೂರ್ಯ ಹುಟ್ಟೋಕೆ ಮುಂಚೆ ಹಿತ್ತಲಲ್ಲೇ ಒಗೀತೀನಿ. ತಣ್ಣೀರಿಗೆ ಕೈ ಇಟ್ರೆ ಬೆರಳು ಬೆಳ್ಳಗಾಗಿ ಸತ್ತಂಗಾಗುತ್ತೆ."

"ನಿನ್ ಗಂಡ ಏನಂತಾನೆ?"

"ಮಾವ ಏನೂ ಅನ್ನಲ್ಲ," ಅಂದಳು ಭವ್ಯಾ. ಮದುವೆಯಾದ ಮೇಲೂ ಅವಳಿಗೆ ಅವನು ಮಾವನೇ. "ಮಾತ್ರೆ ತಂದ್ಕೊಡ್ತಾರೆ. ಅಷ್ಟೇ."

ಮಧ್ಯಾಹ್ನ ಕೆಂಪಲಕ್ಷ್ಮಮ್ಮ ಎರಡು ಸ್ಟೀಲ್ ತಟ್ಟೆ ಇಟ್ಟಳು. ಮೂರನೆಯದು ಅಲ್ಯೂಮಿನಿಯಂ ತಟ್ಟೆ, ಅಂಚು ನೆಗ್ಗಿದ್ದು. ಅದನ್ನು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಇಟ್ಟು, ಉಪ್ಪಿಲ್ಲದ ಸೊಪ್ಪಿನ ಸಾರನ್ನು ಸುರಿದಳು.

"ಅದ್ಯಾಕೆ ಬೇರೆ ತಟ್ಟೆ?"

"ಅವಳಿಗೆ ಉಪ್ಪು ಹಾಕಬಾರ್ದು ಅಂದವ್ರೆ. ಬೇರೆ ಸಾರು, ಬೇರೆ ತಟ್ಟೆ."

"ಸಾರು ಬೇರೆ ಆದ್ರೆ ತಟ್ಟೆ ಯಾಕೆ ಬೇರೆ ಆಗ್ಬೇಕು? ಜಾಗ ಯಾಕೆ ಬೇರೆ ಆಗ್ಬೇಕು? ಅಂಟೋ ಕಾಯಿಲೆ ಅಲ್ಲ ಅಂತ ಡಾಕ್ಟ್ರು ಹೇಳಿಲ್ವಾ?"

"ಡಾಕ್ಟ್ರು ಮಲೇರಿಯಾ ಇಲ್ದಿರೋಳಿಗೆ ಮಲೇರಿಯಾ ಮಾತ್ರೆ ಕೊಟ್ಟವ್ರೆ. ಅವರ ಮಾತಿಗೇನು!"

"ಇದಕ್ಕೂ ಅದೇ ಮಾತ್ರೆಯಂತೆ ಅವ್ವ," ಎಂದು ಚಲುವಮ್ಮ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತಳು. ಆ ನೆಗ್ಗಿದ ಅಂಚನ್ನು ಎಲ್ಲೋ ನೋಡಿದ್ದೇನೆ ಅನಿಸುತ್ತಿತ್ತು. ಎಲ್ಲಿ ಎಂದು ನೆನಪಾಗಲಿಲ್ಲ.

ನೆನಪಾದದ್ದು ಸಂಜೆ. ಅವಳು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಕತ್ತಲ ಕೋಣೆಯಿಂದ ಭವ್ಯಾಳ ದನಿ ಬಂತು.

"ಅವ್ವ, ಬಿಸಿಲು ಹೋಯ್ತಾ?"

ಚಲುವಮ್ಮನ ಕೈ ಮೊರದಲ್ಲಿ ಹಾಗೇ ನಿಂತಿತು. ಆಗ ಅವಳು ಏಳೆಂಟು ವರ್ಷದವಳು. ಬೇಲೂರಿನ ಆಚೆ, ಯಗಚಿ ದಡದ ಹಳ್ಳಿಯಲ್ಲಿ ಅವ್ವನ ತವರು. ಅಲ್ಲಿ ದನದ ಕೊಟ್ಟಿಗೆಗೆ ಅಂಟಿದ ಒಂದು ಕೋಣೆ. ಅಂಚು ನೆಗ್ಗಿದ ತಟ್ಟೆಯಲ್ಲಿ ಮುದ್ದೆ ಹಿಡಿದು ಚಲುವಿ ಹೋದರೆ, ಒಳಗಿನಿಂದ ಒಂದು ದನಿ ದಿನವೂ ಇದನ್ನೇ ಕೇಳುತ್ತಿತ್ತು. "ಚಲ್ವಿ, ಬಿಸಿಲು ಹೋಯ್ತಾ?" ಹೋಯ್ತು ಅಂದರೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಒಬ್ಬ ಹೆಂಗಸು ಹೊಸ್ತಿಲಿಗೆ ಬಂದು ಕೂತು ಉಣ್ಣುತ್ತಿದ್ದಳು. ಕೆನ್ನೆ ಮೇಲೆ ಸುಟ್ಟಂಥ ಕೆಂಪು. ಬೆರಳು ಮಡಿಸಲಾಗದೆ ಮುದ್ದೆಯನ್ನು ಅಂಗೈಯಲ್ಲಿ ಒತ್ತಿ ಮುರಿಯುತ್ತಿದ್ದಳು. ದೊಡ್ಡರೋಗ ಅದು, ಕುಷ್ಠ, ಹತ್ತಿರ ಹೋಗಬೇಡ, ತಟ್ಟೆ ದೂರದಿಂದ ಇಟ್ಟು ಬಾ ಎಂದು ಅಜ್ಜಿ ಹೇಳುತ್ತಿದ್ದಳು. ಒಂದು ಸಲ ರಜಕ್ಕೆ ಹೋದಾಗ ಕೋಣೆ ಖಾಲಿಯಿತ್ತು, ಹುಲ್ಲು ತುಂಬಿದ್ದರು. ಯಾರೂ ಏನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಅವ್ವನ ತಂಗಿ. ಇವಳಿಗೆ ಚಿಕ್ಕಮ್ಮ.

ಚಲುವಮ್ಮ ಮೊರ ಕೆಳಗಿಟ್ಟು ಅಡುಗೆಮನೆಗೆ ನಡೆದಳು.

"ಅವ್ವ, ಚಿಕ್ಕಮ್ಮನಿಗೆ ಏನಾಗಿತ್ತು?"

ಕೆಂಪಲಕ್ಷ್ಮಮ್ಮ ಒಲೆ ಊದುತ್ತಿದ್ದವಳು ತಿರುಗಲಿಲ್ಲ. "ಯಾವ ಚಿಕ್ಕಮ್ಮ?"

"ಕೊಟ್ಟಿಗೆ ಕೋಣೇಲಿ ಇದ್ಲಲ್ಲ."

"ನನಗೆ ತಂಗೀನೇ ಇರ್ಲಿಲ್ಲ."

"ನಾನು ಕೈಯಾರೆ ಮುದ್ದೆ ತಗೊಂಡೋಗಿ ಕೊಟ್ಟಿದೀನಿ!"

"ಮಕ್ಕಳು ಏನೇನೋ ಕಾಣ್ತವೆ," ಅಂದಳು ಕೆಂಪಲಕ್ಷ್ಮಮ್ಮ. ಊದುಗೊಳವೆಯನ್ನು ಗೋಡೆಗೆ ಒರಗಿಸಿಟ್ಟು, "ಹೋಗು, ಸೀಮೆಎಣ್ಣೆ ದೀಪ ಒರೆಸು, ಕರೆಂಟು ಹೋಗೋ ಹೊತ್ತು" ಎಂದಳು. ಮರುಗಳಿಗೆಗೆ ಅದನ್ನೇ ಮತ್ತೆ ಎತ್ತಿಕೊಂಡು, ಧಗಧಗ ಉರಿಯುತ್ತಿದ್ದ ಒಲೆಯನ್ನೇ ಊದತೊಡಗಿದಳು.

ಎರಡು ದಿನದ ನಂತರ ಅರಸೀಕೆರೆಯಿಂದ ರೈಲು ಹತ್ತಿದರು. ಚಲುವಮ್ಮ, ಭವ್ಯಾ, ಗುರುಮೂರ್ತಿ. ಗುರುಮೂರ್ತಿಯ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಆಸ್ಪತ್ರೆ ಚೀಟಿಗಳು.

"ಡಾಕ್ಟ್ರು ಹೋದ ಸಲ ವಂಶವೃಕ್ಷ ತರೋಕೆ ಹೇಳಿದ್ರು, ತಗೊಂಡಿದೀನಿ," ಅಂದ ಅವನು ಜವಾಬ್ದಾರಿಯಿಂದ. "ಝೆರಾಕ್ಸೂ ಮಾಡ್ಸಿದೀನಿ, ಎರಡು."

ಡಾಕ್ಟರು ಬೇಲೂರಿನವರೇ. ಹೈಸ್ಕೂಲಿನ ಭಾಷ್ಯಂ ಮೇಷ್ಟರ ಮಗಳು, ಶ್ರೀಜಾ. ಅದು ಗೊತ್ತಾದ ಮೇಲೆ ಚಲುವಮ್ಮನಿಗೆ ಅವರೆದುರು ಬಾಯಿ ಬಿಡಲು ಸಂಕೋಚ ಕಡಿಮೆಯಾಗಿತ್ತು. ಡಾಕ್ಟರು ಭವ್ಯಾಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಮೂತ್ರದ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. ಆಮೇಲೆ ಗುರುಮೂರ್ತಿ ಕೊಟ್ಟ ಕಾಗದ ಬಿಡಿಸಿದರು. ಬಿಡಿಸಿ, ತಿರುಗಿಸಿ, ಮತ್ತೆ ನೋಡಿದರು.

"ಇದೇನ್ರೀ ಇದು?"

"ನೀವೇ ಕೇಳಿದ್ರಲ್ಲ ಮೇಡಂ, ವಂಶವೃಕ್ಷ. ಸೀಲು ಐತೆ ನೋಡಿ. ನಮ್ಮಪ್ಪ ತೀರ್ಕೊಂಡಾಗ ಜಮೀನಿನ ಖಾತೆ ಬದಲಾಯಿಸೋಕೆ ಮಾಡ್ಸಿದ್ದು."

ಶ್ರೀಜಾ ಒಂದು ಗಳಿಗೆ ನಕ್ಕರು. ಆಮೇಲೆ ನಗು ನಿಂತಿತು. "ಗುರುಮೂರ್ತಿಯವರೇ, ನಾನು ಕೇಳಿದ್ದು ಮನೆಯಲ್ಲಿ ಯಾರ್ಯಾರಿಗೆ ಏನೇನು ಕಾಯಿಲೆ ಇತ್ತು ಅನ್ನೋ ಪಟ್ಟಿ. ಈ ಕಾಯಿಲೆ ಹತ್ತರಲ್ಲಿ ಒಂಬತ್ತು ಸಲ ಬರೋದು ಹೆಂಗಸರಿಗೆ. ಇದರಲ್ಲಿ ಒಬ್ಬ ಹೆಂಗಸೂ ಇಲ್ಲವಲ್ಲ?"

ಚಲುವಮ್ಮ ಕೈ ಚಾಚಿ ಕಾಗದ ತೆಗೆದುಕೊಂಡಳು. ಏಳನೇ ಕ್ಲಾಸು ಓದಿದವಳು, ನಿಧಾನಕ್ಕೆ ಓದಿದಳು. ಮೇಲೆ ತಾತನ ಹೆಸರು. ಅದರ ಕೆಳಗೆ ಅಪ್ಪ ಮರಿಯಣ್ಣನ ಹೆಸರು. ಅಪ್ಪನ ಕೆಳಗೆ ಒಂದೇ ಗೆರೆ, ಗೆರೆಯ ತುದಿಗೆ ಗುರುಮೂರ್ತಿ. "ಇವರನ್ನು ಬಿಟ್ಟು ಬೇರೆ ಮಕ್ಕಳಿರುವುದಿಲ್ಲ" ಎಂದು ಕೆಳಗೆ ಬರೆದಿತ್ತು. ಅದರ ಕೆಳಗೆ ತಮ್ಮನ ಸಹಿ, ಅವ್ವನ ಹೆಬ್ಬೆಟ್ಟು.

"ಗುರು, ನಾನೆಲ್ಲೋ ಇದ್ರಲ್ಲಿ?"

"ಅಕ್ಕಾ, ಅದು ಬರೀ ಖಾತೆಗೆ ಕಣಕ್ಕ."

"ಬೇರೆ ಮಕ್ಕಳಿರುವುದಿಲ್ಲ ಅಂತ ಬರ್ದೈತಲ್ಲೋ. ನಾನು ಸತ್ತೋಗಿದ್ನಾ?"

"ಹೆಣ್ಮಕ್ಕಳ ಹೆಸರು ಬರ್ಸಿದ್ರೆ ಎಲ್ರ ಸಹಿ ಬೇಕು, ಓಡಾಡ್ಬೇಕು ಅಂತ ಅವ್ವ ಹೇಳಿದ್ಲು…"

"ಅವ್ವ ಹೇಳಿದ್ಲು!"

ಡಾಕ್ಟರು ಬೇರೊಂದು ದೊಡ್ಡ ಹಾಳೆ ಬಿಡಿಸಿ ಪೆನ್ಸಿಲು ಎತ್ತಿಕೊಂಡರು. "ಜಗಳ ಆಮೇಲೆ ಆಡಿ ಅಮ್ಮ. ಈಗ ಹೇಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ನಿಮ್ಮ ತಾಯಿಯಿಂದ ಶುರು ಮಾಡೋಣ."

ಸೊನ್ನೆಗಳು ಹಾಳೆಯ ಮೇಲೆ ಒಂದೊಂದಾಗಿ ಬಂದವು. ಕೆಂಪಲಕ್ಷ್ಮಮ್ಮ ಒಂದು ಸೊನ್ನೆ. ಚಲುವಮ್ಮ ಒಂದು ಸೊನ್ನೆ. ಭವ್ಯಾ, ಒಳಗೆ ಕಪ್ಪು ತುಂಬಿದ ಸೊನ್ನೆ. ಭವ್ಯಾಳಿಗೂ ಗುರುಮೂರ್ತಿಗೂ ನಡುವೆ ಡಾಕ್ಟರು ಎರಡು ಗೆರೆ ಎಳೆದರು.

"ಯಾಕೆ ಎರಡು ಗೆರೆ?" ಭವ್ಯಾ ಕೇಳಿದಳು.

"ರಕ್ತಸಂಬಂಧದಲ್ಲಿ ಆದ ಮದುವೆ ಅಂತ ಗುರುತು."

"ಅದರಿಂದಾನೇ ಬಂತಾ?" ಚಲುವಮ್ಮ ಕೇಳಿದಳು. ಕೊಟ್ಟವಳು ಅವಳೇ.

"ಹಾಗೆ ಹೇಳೋಕಾಗಲ್ಲ. ಭವ್ಯಾನ ಮೈಯಲ್ಲಿ ಏನಿದೆಯೋ ಅದು ಮದುವೆಗೆ ಮುಂಚೇನೇ ಇತ್ತು. ಹೊರಗೆ ಕೊಟ್ಟಿದ್ರೂ ಬರಬಹುದಿತ್ತು."

"ಹಂಗಾರೆ ಇದು ಯಾರ ಲೋಪ ಡಾಕ್ಟ್ರೇ? ನಮ್ಮ ಮನೇಲಿ ದಿನಾ ಅದೇ ಮಾತು."

"ಲೋಪ ಅಲ್ಲಮ್ಮ, ಲೂಪಸ್. ಹೆಸರಷ್ಟೇ. ಮೈಯೊಳಗೆ ಕಾಯಿಲೆ ಬರದ ಹಾಗೆ ಕಾವಲು ಕಾಯೋ ಶಕ್ತಿ ಇರುತ್ತಲ್ಲ, ಅದು ಮನೆಯವರನ್ನೇ ಕಳ್ಳರು ಅಂದ್ಕೊಂಡು ಹೊಡೆಯೋಕೆ ಶುರು ಮಾಡುತ್ತೆ. ಗೆಣ್ಣು, ಚರ್ಮ, ಮೂತ್ರಪಿಂಡ." ಶ್ರೀಜಾ ಪೆನ್ಸಿಲನ್ನು ಹಾಳೆಯ ಮೇಲೆ ತಟ್ಟಿದರು. "ಆ ಕಾವಲು ಎಲ್ಲ ಜನರಲ್ಲೂ ಒಂದೇ ಥರ ಇರಲ್ಲ. ಯಾವ ಮೂಲದಿಂದ ಬಂದವರು ಅನ್ನೋದರ ಮೇಲೂ ಬೇರೆ ಬೇರೆ. ನಮ್ಮ ಪುಸ್ತಕದಲ್ಲಿರೋದು ಬಹಳಷ್ಟು ಬಿಳಿಯರ ಲೆಕ್ಕ. ಆಫ್ರಿಕಾ ಮೂಲದವರಿಗೆ, ಏಷ್ಯಾದವರಿಗೆ ಇದು ಇನ್ನೂ ಜೋರಾಗಿ, ಬೇಗ ಮೂತ್ರಪಿಂಡಕ್ಕೆ ಇಳಿಯುತ್ತೆ ಅಂತ ಈಗೀಗ ಗೊತ್ತಾಗ್ತಿದೆ. ನಮ್ಮ ಕಡೆಯ ಜನರದ್ದು ಯಾರೂ ಸರಿಯಾಗಿ ಬರೆದಿಟ್ಟಿಲ್ಲ. ಅಜ್ಜಿ, ಮುತ್ತಜ್ಜಿ, ಅವರ ಅಕ್ಕತಂಗಿಯರು. ಅದಕ್ಕೇ ಇಷ್ಟು ಕೇಳ್ತಿರೋದು. ನಿಮ್ಮ ತಾಯಿಗೆ ಅಕ್ಕತಂಗಿಯರು?"

ಚಲುವಮ್ಮ ಎಲ್ಲವನ್ನೂ ಹೇಳಿದಳು. ಕೊಟ್ಟಿಗೆಯ ಕೋಣೆ, ಕೆನ್ನೆಯ ಕೆಂಪು, ಮಡಿಸಲಾಗದ ಬೆರಳು, ಬಿಸಿಲು ಹೋಯ್ತಾ ಎನ್ನುವ ಪ್ರಶ್ನೆ. ಗುರುಮೂರ್ತಿ ಬಾಯಿ ತೆರೆದು ಕೇಳುತ್ತಿದ್ದ, ಅವನಿಗೆ ಇದೊಂದೂ ಗೊತ್ತಿರಲಿಲ್ಲ.

"ನಲವತ್ತು ವರ್ಷದ ಹಿಂದಿನ ಮಾತು, ಖಚಿತವಾಗಿ ಹೇಳೋಕಾಗಲ್ಲ. ಆದರೆ ಇದೇ ಇರಬಹುದು," ಅಂದರು ಡಾಕ್ಟರು. ಕೆಂಪಲಕ್ಷ್ಮಮ್ಮನ ಪಕ್ಕ ಇನ್ನೊಂದು ಸೊನ್ನೆ ಎಳೆದು ಒಳಗೆ ಪ್ರಶ್ನೆ ಗುರುತು ಹಾಕಿದರು. "ಹೆಸರು?"

ಚಲುವಮ್ಮ ಬಾಯಿ ತೆರೆದಳು. ಚಿಕ್ಕಮ್ಮ ಎನ್ನುವುದು ಬಿಟ್ಟು ಬೇರೆ ಯಾವ ಹೆಸರೂ ಬರಲಿಲ್ಲ. ತಾನು ಕೈಯಾರೆ ಉಣ್ಣಲು ಕೊಟ್ಟ ಹೆಂಗಸಿನ ಹೆಸರು ತನಗೇ ಗೊತ್ತಿಲ್ಲ.

"ಕೇಳ್ಕೊಂಡು ಬತ್ತೀನಿ," ಅಂದಳು.

ಹೊರಡುವ ಮುಂಚೆ ಇನ್ನೊಂದು ಕೇಳಿದಳು. "ಇವಳ ತಂಗಿಗೂ ಬರುತ್ತಾ?"

"ಬರಲೇಬೇಕು ಅಂತಿಲ್ಲ. ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಎಚ್ಚರವಾಗಿರಬೇಕು. ಭವ್ಯಾಗೂ ಮಕ್ಕಳಾಗಲ್ಲ ಅಂತ ಅಲ್ಲ. ಕಾಯಿಲೆ ಆರು ತಿಂಗಳು ತಣ್ಣಗಿರಲಿ, ಆಮೇಲೆ ನೋಡೋಣ. ಬಿಸಿಲು, ಉಪ್ಪು, ತಣ್ಣೀರು ಕಡಿಮೆ ಮಾಡಿ. ಮನಸ್ಸಿಗೂ ನೋವು ಕೊಡಬೇಡಿ."

ವಾಪಸು ರೈಲಿನಲ್ಲಿ ಭವ್ಯಾ ಕಿಟಕಿಗೆ ಸೆರಗು ಅಡ್ಡ ಹಿಡಿದು ನಿದ್ದೆ ಹೋದಳು. ಚಲುವಮ್ಮ ತಮ್ಮನ ಎದುರು ಕೂತಿದ್ದಳು.

"ಈಗ ನೀನು ಹೇಳು. ಲಾವಣ್ಯನ್ನ ಕಟ್ಕೋತೀಯಾ?"

"ನಾನು ಕೇಳಿದ್ನೇನಕ್ಕ? ಅವ್ವ…"

"ಅವ್ವನ ಮಾತು ಬಿಡು. ನಿನ್ ಬಾಯಲ್ಲಿರೋದು ನಿನ್ ನಾಲಗೇನಾ, ಅವ್ವಂದಾ?"

ಗುರುಮೂರ್ತಿ ಚಪ್ಪಲಿ ನೋಡಿಕೊಂಡ. "ಬ್ಯಾಡ."

"ಜೋರಾಗಿ."

"ಬ್ಯಾಡ ಅಂದ್ನಲ್ಲ!"

"ಇದನ್ನ ಇಲ್ಲಿ ಅಲ್ಲ ಹೇಳ್ಬೇಕಾದ್ದು," ಅಂದಳು.

ದೀಪಾವಳಿಗೆ ಹಳೇಬೀಡಿನ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಕೆಂಪಲಕ್ಷ್ಮಮ್ಮ ಹೊಸ ಸೀರೆಯುಟ್ಟು ಓಡಾಡುತ್ತಿದ್ದಳು. ಜಾವಗಲ್ಲಿನಿಂದ ಮೂವರೂ ಬಂದದ್ದೇ ಅವಳಿಗೆ ಒಪ್ಪಿಗೆಯಂತೆ ಕಂಡಿತ್ತು. ಲಾವಣ್ಯಳಿಗೆ ಮಲ್ಲಿಗೆ ಮುಡಿಸಿದಳು. ಲಾವಣ್ಯ ಅದನ್ನು ಬಿಚ್ಚಿ ಅಕ್ಕನ ಕೋಣೆಗೆ ಹೋಗಿ ಅಕ್ಕನ ತಲೆಗೆ ಮುಡಿಸಿದಳು.

ಮಧ್ಯಾಹ್ನ ಪಡಸಾಲೆಯಲ್ಲಿ ಬಾಳೆಲೆ ಹಾಕಿದರು. ಚಲುವಮ್ಮ ಎಣಿಸಿದಳು. ಆರು ಜನ, ಐದು ಎಲೆ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಅಂಚು ನೆಗ್ಗಿದ ಅಲ್ಯೂಮಿನಿಯಂ ತಟ್ಟೆ.

"ಬಾ ಲಾವಣ್ಯ, ನೀನು ಗುರು ಪಕ್ಕದ ಎಲೇಲಿ ಕೂತ್ಕೋ," ಅಂದಳು ಕೆಂಪಲಕ್ಷ್ಮಮ್ಮ. "ಹೊನ್ನಯ್ಯ, ಹಬ್ಬದ ದಿನ ಒಳ್ಳೆ ಮಾತು ಆಡ್ಬಿಡು. ಕಾರ್ತೀಕದಲ್ಲಿ ಮುಗಿಸಾನ. ಎಲ್ರೂ ಒಂದೇ ಮನೆಯೋರು."

"ಒಂದೇ ಮನೆಯೋರು!" ಚಲುವಮ್ಮ ಜಾಕೀಟಿನೊಳಗಿಂದ ಮಡಿಸಿದ ಝೆರಾಕ್ಸನ್ನು ತೆಗೆದು ತಾಯಿಯ ಎಲೆಯ ಮುಂದೆ ಬಿಡಿಸಿಟ್ಟಳು. "ಇದ್ರಲ್ಲಿ ನ‌ನ್ನ ಹುಡುಕ್ಕೊಡು. ಹುಡುಕ್ಕೊಟ್ರೆ ಲಾವಣ್ಯನ್ನ ಈಗ್ಲೇ ಬಿಟ್ಟೋಗ್ತೀನಿ."

"ಏನೇ ಅದು? ನನಗೆ ಓದಕ್ಕೆ ಬರುತ್ತಾ?"

"ಹೆಬ್ಬೆಟ್ಟು ಒತ್ತಕ್ಕೆ ಬಂತಲ್ಲ! ಮರಿಯಣ್ಣನಿಗೆ ಗುರು ಬಿಟ್ರೆ ಬೇರೆ ಮಕ್ಕಳಿಲ್ಲ ಅಂತ ಬರ್ಸಿದ್ಯಲ್ಲ ಅವ್ವ. ನಾನು ಈ ಮನೇಲಿ ಹುಟ್ಟೇ ಇಲ್ಲ ಅಂದ್ಮೇಲೆ ನನ್ ಮಕ್ಕಳನ್ನ ಯಾವ ಬಾಯಲ್ಲಿ ಕೇಳ್ತಿ? ಒಂದನ್ನ ತಗೊಂಡೆ. ಈಗ ಇನ್ನೊಂದು ಬೇಕಾ?"

"ಅತ್ತೆ, ಇದೆಲ್ಲ ಏನು?" ಎಂದು ಹೊನ್ನಯ್ಯ ಕಾಗದದ ಮೇಲೆ ಬಗ್ಗಿದ.

"ನಾನಿಲ್ಲ ಅಂತ ಬರ್ಸಿದೆ, ಚಿಕ್ಕಮ್ಮ ಇಲ್ಲ ಅಂತ ಬಾಯಲ್ಲೇ ಹೇಳ್ದೆ." ಚಲುವಮ್ಮನಿಗೆ ಗಂಡನ ಮಾತು ಕೇಳಿಸಲೂ ಇಲ್ಲ. "ಭವ್ಯನ್ನ ಯಾವಾಗ ಇಲ್ಲ ಅಂತಿ? ನಾಳೆ ಲಾವಣ್ಯನ ಕೆನ್ನೆ ಕೆಂಪಾದ್ರೆ? ಅವಳಿಗೊಂದು ತಟ್ಟೆ ತೆಗೆದಿಟ್ಟಿದ್ದೀಯಾ? ಎಷ್ಟು ಕತ್ತಲೆ ಕೋಣೆ ಅವೆ ಈ ಮನೇಲಿ?"

"ಚಿಕ್ಕಮ್ಮನ ಸುದ್ದಿ ಎತ್ತಬೇಡ!" ಕೆಂಪಲಕ್ಷ್ಮಮ್ಮ ಕಿರುಚಿದಳು. "ಗೊತ್ತಾ ನಿನಗೆ? ಅವಳ ಸುದ್ದಿ ಹೊರಗೆ ಹೋಗಿದ್ರೆ ನಿನ್ನ ಯಾರು ಮದ್ವೆ ಆಗ್ತಿದ್ರು? ಈ ಹೊನ್ನಯ್ಯ ಆಗ್ತಿದ್ನಾ? ನಿನಗೋಸ್ಕರ ನನ್ ಬಾಯಿ ಹೊಲ್ಕೊಂಡೆ. ನನ್ನ ಒಡಹುಟ್ಟಿದೋಳು ಸತ್ತಾಗ ಅಳ್ಲೂ ಇಲ್ಲ ನಾನು."

"ಅತ್ತಿದ್ರೆ ಚೆನ್ನಾಗಿತ್ತು. ನನಗೂ ಗೊತ್ತಾಗ್ತಿತ್ತು. ಭವ್ಯನ ಗೆಣ್ಣು ಊದಿದ ದಿನಾನೇ ಡಾಕ್ಟ್ರಿಗೆ ಹೇಳ್ತಿದ್ದೆ. ಒಂದು ವರ್ಷ ಮುಲಾಮು ಹಚ್ಕೊಂಡು ಕೂತಿರ್ತಿರ್ಲಿಲ್ಲ."

ಎಲೆಯ ಮೇಲೆ ಹೋಳಿಗೆಗೆ ಹಾಕಿದ ತುಪ್ಪ ಹೆಪ್ಪುಗಟ್ಟುತ್ತಿತ್ತು.

ಗುರುಮೂರ್ತಿ ತಲೆ ಎತ್ತಿದ. "ಅವ್ವ, ನನಗೆ ಬ್ಯಾಡ," ಅಂದ. "ಲಾವಣ್ಯನ್ನ ನಾನು ಎತ್ತಿ ಆಡ್ಸಿದೀನಿ. ಬ್ಯಾಡ."

ಹೊನ್ನಯ್ಯ ಕಾಗದವನ್ನು ನೋಡಿದ, ಹಿತ್ತಲ ಬಾಗಿಲ ತಟ್ಟೆಯನ್ನು ನೋಡಿದ. ಅಷ್ಟು ದಿನ ಅದನ್ನು ಅವನು ನೋಡಿರಲೇ ಇಲ್ಲ. "ಭವ್ಯ ಅದ್ರಲ್ಲಾ ಉಣ್ಣೋದು?" ಎಂದ. ತನ್ನ ಎಲೆಯನ್ನು ಮುಂದಕ್ಕೆ ತಳ್ಳಿ, "ಲಾವಣ್ಯನ ಮಾತು ಮುಗೀತು ಅತ್ತೆ," ಎಂದ.

"ಹಂಗಾರೆ ಇವಳನ್ನೂ ಕರ್ಕೊಂಡೋಗಿ," ಕೆಂಪಲಕ್ಷ್ಮಮ್ಮ ಹಟ ಬಿಡಲಿಲ್ಲ. "ಮಕ್ಕಳಿಲ್ದಿರೋ ಸೊಸೆ…"

"ಸೊಸೆ ಬ್ಯಾಡ ಅಂದ್ರೆ ಬಿಡು ಅಜ್ಜಿ." ಭವ್ಯಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಲೆಯಲ್ಲಿ ಮಲ್ಲಿಗೆ, ಊದಿದ ಮುಖ. "ಸೊಸೇನ ಕಳಿಸ್ಬಹುದು. ಮೊಮ್ಮಗಳನ್ನ ಎಲ್ಲಿಗೆ ಕಳಿಸ್ತಿ? ನಾನು ಎರಡು ದಾರೀಲಿ ಈ ಮನೆಯೋಳು. ಎಲ್ಲೂ ಹೋಗಲ್ಲ."

ಅವಳು ಬಂದು ಐದನೆಯ ಎಲೆಯ ಮುಂದೆ ಕೂತಳು. ಅದು ಕೆಂಪಲಕ್ಷ್ಮಮ್ಮ ತನಗೆಂದು ಹಾಕಿಕೊಂಡಿದ್ದ ಎಲೆ, ಅವಳಿನ್ನೂ ಕೂತಿರಲಿಲ್ಲ.

ಚಲುವಮ್ಮ ಹಿತ್ತಲ ಬಾಗಿಲಿಗೆ ನಡೆದಳು. ಅಲ್ಯೂಮಿನಿಯಂ ತಟ್ಟೆ ತಂದು, ತಾಯಿಯ ಮುಂದೆ ನೆಲದ ಮೇಲೆ ಇಟ್ಟಳು. ಭವ್ಯಾಳಿಗೆಂದು ಬೇರೆ ಮಾಡಿದ್ದ ಸಾರನ್ನೇ ಹಾಕಿ, ಅನ್ನ ಇಟ್ಟಳು.

"ಉಣ್ಣು ಅವ್ವ. ಅಂಟಲ್ಲ. ಅಂಟೋ ಹಂಗಿದ್ರೆ ನಿನಗೆ ಅಂಟಿ ನಲವತ್ತು ವರ್ಷ ಆಯ್ತು."

ಕೆಂಪಲಕ್ಷ್ಮಮ್ಮ ತಟ್ಟೆಯನ್ನೇ ನೋಡುತ್ತಾ ಕೂತಳು. ನೆಗ್ಗಿದ ಅಂಚಿನ ಮೇಲೆ ಬೆರಳಿಟ್ಟಳು.

"ದೇವೀರಮ್ಮ," ಅಂದಳು.

"ಏನು?"

"ಅವಳ ಹೆಸರು. ದೇವೀರಮ್ಮ. ನನಗಿಂತ ಆರು ವರ್ಷಕ್ಕೆ ಚಿಕ್ಕೋಳು. ಗಂಡ ವಾಪಸ್ ತಂದು ಬಿಟ್ಟೋದ." ಅಂಚನ್ನು ಬೆರಳಲ್ಲಿ ಸವರುತ್ತಾ ಅಂದಳು, "ತಟ್ಟೆ ಅವಳ್ದೇ. ನಮ್ಮವ್ವ ಎಸೀತೀನಿ ಅಂದ್ಲು. ನಾನು ತಂದಿಟ್ಕೊಂಡೆ."

ಲಾವಣ್ಯ ಅಪ್ಪನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಸೀಲು ಬಿದ್ದ ವಂಶವೃಕ್ಷದ ಖಾಲಿ ಬೆನ್ನಿನ ಮೇಲೆ ಒಂದು ಸೊನ್ನೆ ಎಳೆದು ಒಳಗೆ ಹೆಸರು ಬರೆದಳು. ಕೆಳಗೆ ತನ್ನ ಅವ್ವನಿಗೊಂದು ಸೊನ್ನೆ ಎಳೆದಳು.

ಕೆಂಪಲಕ್ಷ್ಮಮ್ಮ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಅಗಿಯದೆ ಹಾಗೇ ಇಟ್ಟುಕೊಂಡು, ಕಷ್ಟಪಟ್ಟು ನುಂಗಿದಳು.

"ಉಪ್ಪಿಲ್ಲ ಕಣೇ ಇದಕ್ಕೆ," ಅಂದಳು.

"ಗೊತ್ತು," ಅಂದಳು ಚಲುವಮ್ಮ. ಉಪ್ಪಿನ ಬಟ್ಟಲನ್ನು ಎತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡು, ತಾಯಿ ಉಣ್ಣುವುದನ್ನು ನೋಡುತ್ತಾ ಕೂತಳು.